ತುಟಿಯ ಜ್ವರಗುಳ್ಳೆಗೆ ಔಷಧ: ಮೊದಲ ದಿನವೇ ಯಾಕೆ ಮುಖ್ಯ

ಏಪ್ರಿಲ್ ಬಂತೆಂದರೆ ವಿಜಯಪುರ, ಬಾಗಲಕೋಟೆ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಅದೇ ಹೊತ್ತಿಗೆ ಮದುವೆ, ಜಾತ್ರೆ, ಊರಿಂದೂರಿಗೆ ಓಡಾಟ. ನಿದ್ದೆ ಕಡಿಮೆ, ದಣಿವು ಜಾಸ್ತಿ. ಇಂಥ ದಿನಗಳಲ್ಲೇ ಕೆಲವರಿಗೆ ತುಟಿಯ ಅಂಚಿನಲ್ಲಿ ಚುರುಚುರು ಶುರುವಾಗಿ, ಮರುದಿನ ಸಣ್ಣ ನೀರುಗುಳ್ಳೆಗಳ ಗೊಂಚಲು ಎದ್ದು ನಿಲ್ಲುತ್ತದೆ. "ತುಟಿ ಮ್ಯಾಲೆ ಗುಳ್ಳೆ ಎದ್ದಾವ್ರಿ, ಹಚ್ಚಾಕ ಒಂದು ಟ್ಯೂಬ್ ಕೊಡ್ರಿ" ಅಂತ ಔಷಧಿ ಅಂಗಡಿಗೆ ಹೋಗುತ್ತಾರೆ. ಅಂಗಡಿಯವರು ಯಾವುದೋ ಒಂದು ಟ್ಯೂಬ್ ಕೊಡುತ್ತಾರೆ. ಅದು ಸರಿಯಾದ ಟ್ಯೂಬ್ ಆಗಿರಬಹುದು, ಆಗಿಲ್ಲದೆಯೂ ಇರಬಹುದು.

ಇನ್ನು ಕೆಲವರು ಮೊಬೈಲ್‌ನಲ್ಲಿ ಹುಡುಕುತ್ತಾರೆ. ಅಲ್ಲಿ "ಹರ್ಪಿಸ್" ಅನ್ನುವ ಹೆಸರು ಕಂಡ ತಕ್ಷಣ ಎದೆ ಧಸಕ್ಕೆನ್ನುತ್ತದೆ. ಇದು ಕೆಟ್ಟ ರೋಗವೇ, ಮನೆಯವರು ಏನಂದುಕೊಳ್ಳುತ್ತಾರೆ ಅಂತ ಒಳಗೊಳಗೇ ಕೊರಗುತ್ತಾರೆ. ಆ ಭಯ ಬೇಡ. ಇದು ಏನು, ಯಾವ ಔಷಧ ಎಷ್ಟು ಕೆಲಸ ಮಾಡುತ್ತದೆ, ಯಾವುದನ್ನು ಹಚ್ಚಬಾರದು ಅನ್ನುವುದನ್ನು ಬುಡದಿಂದ ನೋಡೋಣ.

ಹಲ್ಲಿಯದ್ದೂ ಅಲ್ಲ, ಉಷ್ಣದ್ದೂ ಅಲ್ಲ

ನಮ್ಮಲ್ಲಿ ಇದಕ್ಕೆ ಜ್ವರದ ಗುಳ್ಳೆ ಅನ್ನುವವರಿದ್ದಾರೆ. ಒಳಗಿನ ಜ್ವರ ಹೊರಗೆ ಬಿತ್ತು ಅನ್ನುವವರೂ ಇದ್ದಾರೆ. ರಾತ್ರಿ ಮಲಗಿದಾಗ ಹಲ್ಲಿ ಉಚ್ಚೆ ಹೊಯ್ದಿದೆ ಅಂತಲೋ, ಮೈಯಲ್ಲಿ ಉಷ್ಣ ಆಗಿದೆ ಅಂತಲೋ ಹೇಳುವುದೂ ಉಂಟು. ನಿಜವಾದ ಕಾರಣ ಒಂದು ವೈರಸ್. ಅದರ ಹೆಸರು ಹರ್ಪಿಸ್ ಸಿಂಪ್ಲೆಕ್ಸ್ ವೈರಸ್, ಒಂದನೇ ಬಗೆ. ಚಿಕ್ಕದಾಗಿ ಎಚ್‌ಎಸ್‌ವಿ-1.

ಇದು ಎಷ್ಟು ಸಾಮಾನ್ಯ ಗೊತ್ತಾ? ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರ ಮೈಯಲ್ಲಿ ಈ ವೈರಸ್ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಂದರೆ ಆ ವಯಸ್ಸಿನ ಪ್ರತಿ ಮೂವರಲ್ಲಿ ಹತ್ತಿರಹತ್ತಿರ ಇಬ್ಬರು. ಬಹಳ ಜನರಿಗೆ ಅದು ಬಂದದ್ದು ಚಿಕ್ಕಂದಿನಲ್ಲಿ, ಮನೆಯವರ ಮುದ್ದಿನಿಂದ, ಎಂಜಲಿನಿಂದ. ಅವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಒಮ್ಮೆಯೂ ಗುಳ್ಳೆ ಏಳುವುದಿಲ್ಲ. ಹಾಗಾಗಿ ತುಟಿಯಲ್ಲಿ ಗುಳ್ಳೆ ಎದ್ದವರ ನಡತೆಯ ಬಗ್ಗೆ ಏನನ್ನೂ ಊಹಿಸಬೇಕಾಗಿಲ್ಲ. ಅವರಿಗೆ ನಾಚಿಕೆಪಡುವಂಥದ್ದೂ ಇದರಲ್ಲಿ ಏನಿಲ್ಲ.

ಸರ್ಪಸುತ್ತು ಅನ್ನುವುದು ಬೇರೆ ಕಾಯಿಲೆ. ಅದು ಇದೇ ಕುಟುಂಬದ ಇನ್ನೊಂದು ವೈರಸ್‌ನಿಂದ, ಅಂದರೆ ಸಿಡುಬಿನಂತೆ ಕಾಣುವ ಚಿಕನ್‌ಪಾಕ್ಸ್ ತರುವ ವೈರಸ್‌ನಿಂದ ಬರುತ್ತದೆ. ಎರಡನ್ನೂ ಒಂದೇ ಅಂದುಕೊಳ್ಳಬಾರದು. ಔಷಧದ ಪ್ರಮಾಣವೂ ಬೇರೆ.

ವಾಸಿಯಾದ ಮೇಲೂ ಮತ್ತೆ ಬರುವುದು ಯಾಕೆ

ಎರೆ ಹೊಲದಲ್ಲಿ ದುಡಿದವರಿಗೆ ಕರಿಕೆ ಗೊತ್ತಿರುತ್ತದೆ. ಮೇಲಿನ ಹುಲ್ಲು ಕೊಯ್ದರೆ ಹೊಲ ಸ್ವಚ್ಛವಾಗಿ ಕಾಣುತ್ತದೆ. ಆದರೆ ಬೇರು ಮಣ್ಣಿನ ಆಳದಲ್ಲಿ ಹಾಗೇ ಇರುತ್ತದೆ. ಬೇಸಿಗೆಯೆಲ್ಲ ಸತ್ತಂತೆ ಬಿದ್ದಿದ್ದು, ಒಂದು ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಈ ವೈರಸ್ಸಿನ ಬಾಳೂ ಹೀಗೆಯೇ.

ಮೊದಲ ಸಲ ಬಾಯಿಯ ಚರ್ಮದಲ್ಲಿ ಸೇರಿಕೊಂಡ ವೈರಸ್, ಅಲ್ಲಿನ ನರದ ಗುಂಟ ಹಿಂದಕ್ಕೆ ಹೋಗುತ್ತದೆ. ಮುಖದ ಸ್ಪರ್ಶವನ್ನು ಮಿದುಳಿಗೆ ಒಯ್ಯುವ ದೊಡ್ಡ ನರವೊಂದಿದೆ. ಅದರ ಗಂಟು ತಲೆಬುರುಡೆಯ ಒಳಭಾಗದಲ್ಲಿರುತ್ತದೆ. ವೈರಸ್ ಆ ಗಂಟಿನಲ್ಲಿ ಸುಮ್ಮನೆ ಕೂರುತ್ತದೆ. ಆಗ ಅದು ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳುವುದಿಲ್ಲ, ತೊಂದರೆಯನ್ನೂ ಕೊಡುವುದಿಲ್ಲ. ರೋಗನಿರೋಧಕ ಶಕ್ತಿಗೂ ಅದನ್ನು ಅಲ್ಲಿಂದ ಪೂರ್ತಿ ಓಡಿಸಲು ಆಗುವುದಿಲ್ಲ.

ಯಾವುದೋ ಒಂದು ಕಾರಣ ಸಿಕ್ಕಾಗ ಅದು ಎದ್ದು, ಅದೇ ನರದ ದಾರಿಯಲ್ಲಿ ತುಟಿಗೆ ವಾಪಸು ಬರುತ್ತದೆ. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಗುಳ್ಳೆ ಏಳುವುದು ಇದಕ್ಕೇ. ಜ್ವರ, ನೆಗಡಿ, ನಿದ್ದೆಗೇಡು, ಮನಸ್ಸಿನ ಒತ್ತಡ, ಮುಟ್ಟಿನ ದಿನಗಳು, ಹಲ್ಲಿನ ಚಿಕಿತ್ಸೆ, ತುಟಿಗೆ ಆದ ಗಾಯ, ಇವೆಲ್ಲ ಅದನ್ನು ಎಬ್ಬಿಸಬಲ್ಲವು. ಕಡು ಬಿಸಿಲೂ ಎಬ್ಬಿಸುತ್ತದೆ. ಆದರೆ ಎಬ್ಬಿಸುವುದು ಮೈಯೊಳಗಿನ ಉಷ್ಣ ಅಲ್ಲ, ತುಟಿಯ ಮೇಲೆ ಬೀಳುವ ಬಿಸಿಲಿನ ಅತಿನೇರಳೆ ಕಿರಣ. ಮಜ್ಜಿಗೆ, ಎಳನೀರು ಕುಡಿದರೆ ದಣಿವಿಗೆ ಒಳ್ಳೆಯದು, ಖಂಡಿತ ಕುಡಿಯಿರಿ. ಗುಳ್ಳೆ ತಡೆಯಬೇಕಾದರೆ ಮಾತ್ರ ತುಟಿಗೇ ನೆರಳು ಬೇಕು.

ಔಷಧದ ಬಗ್ಗೆ ಮಾತಾಡುವ ಮುಂಚೆ ಇದನ್ನು ತಿಳಿಯುವುದು ಯಾಕೆ ಮುಖ್ಯ ಅಂದರೆ, ಇವತ್ತು ನಮ್ಮ ಬಳಿ ಇರುವ ಯಾವ ಔಷಧವೂ ನರದ ಗಂಟಿನಲ್ಲಿ ಮಲಗಿರುವ ವೈರಸ್ಸನ್ನು ಮುಟ್ಟುವುದಿಲ್ಲ. "ಬುಡಸಮೇತ ತೆಗೆಯುತ್ತೇವೆ, ಮತ್ತೆ ಬರುವುದೇ ಇಲ್ಲ" ಅಂತ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಬಳಕೆಗೆ ಬಂದಿರುವ ಲಸಿಕೆಯೂ ಇನ್ನೂ ಇಲ್ಲ.

ಔಷಧ ಒಳಗೆ ಏನು ಮಾಡುತ್ತದೆ

ಈ ಗುಳ್ಳೆಗೆ ಹೆಚ್ಚಾಗಿ ಬಳಸುವ ಔಷಧದ ಹೆಸರು ಅಸೈಕ್ಲೊವಿರ್. 1970ರ ದಶಕದಲ್ಲಿ ಸಿದ್ಧವಾಗಿ 1980ರ ದಶಕದಲ್ಲಿ ಬಳಕೆಗೆ ಬಂತು. ಇದರ ಹಿಂದಿನ ಸಂಶೋಧನೆಯಲ್ಲಿ ದುಡಿದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ಇನ್ನಿಬ್ಬರ ಜೊತೆ ಬಂತು. ಅದಕ್ಕೂ ಮೊದಲು ವೈರಸ್‌ಗೆ ಔಷಧ ಮಾಡುವುದು ಕಷ್ಟ ಎಂಬ ಭಾವನೆ ಬಲವಾಗಿತ್ತು. ವೈರಸ್ ನಮ್ಮ ಜೀವಕೋಶದ ಒಳಗೇ ಕೂತು ಕೆಲಸ ಮಾಡುತ್ತದೆ. ಅದನ್ನು ಕೊಲ್ಲಲು ಹೋದರೆ ನಮ್ಮ ಕೋಶವೂ ಸಾಯುತ್ತದಲ್ವಾ ಅನ್ನುವ ಆತಂಕ.

ಅಸೈಕ್ಲೊವಿರ್ ಈ ತೊಡಕನ್ನು ಚೆನ್ನಾಗಿ ಬಿಡಿಸಿತು. ವೈರಸ್ ಹೆಚ್ಚಬೇಕಾದರೆ ತನ್ನ ಡಿಎನ್‌ಎಯನ್ನು ಮತ್ತೆ ಮತ್ತೆ ನಕಲು ಮಾಡಬೇಕು. ಡಿಎನ್‌ಎ ಅನ್ನುವುದು ಚಿಕ್ಕ ಚಿಕ್ಕ ತುಣುಕುಗಳ ಉದ್ದನೆಯ ಸರಪಳಿ. ಅಸೈಕ್ಲೊವಿರ್ ನೋಡಲು ಆ ತುಣುಕುಗಳಲ್ಲಿ ಒಂದರ ಹಾಗೇ ಇರುತ್ತದೆ. ವೈರಸ್ ಅದನ್ನು ನಿಜವಾದದ್ದು ಅಂದುಕೊಂಡು ಸರಪಳಿಗೆ ಸೇರಿಸುತ್ತದೆ. ಅದರ ಮುಂದಕ್ಕೆ ಇನ್ನೊಂದು ತುಣುಕು ಸೇರಲು ಜಾಗವೇ ಇರುವುದಿಲ್ಲ. ನಕಲು ಅಲ್ಲಿಗೆ ನಿಲ್ಲುತ್ತದೆ.

ಇನ್ನೂ ಒಂದು ವಿಶೇಷವಿದೆ. ನುಂಗಿದಾಗ ಅಥವಾ ಹಚ್ಚಿದಾಗ ಈ ಔಷಧ ಇನ್ನೂ ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ಅದನ್ನು ಎಬ್ಬಿಸುವ ಮೊದಲ ಹೆಜ್ಜೆಗೆ ವೈರಸ್ಸಿನದ್ದೇ ಒಂದು ಕಿಣ್ವ (ರಾಸಾಯನಿಕ ಕೆಲಸ ಮಾಡಿಸುವ ಪ್ರೋಟೀನ್) ಬೇಕು. ವೈರಸ್ ಇಲ್ಲದ ಕೋಶದಲ್ಲಿ ಆ ಕಿಣ್ವ ಇರುವುದಿಲ್ಲ. ಹಾಗಾಗಿ ಔಷಧ ಆರೋಗ್ಯವಾಗಿರುವ ಕೋಶಗಳನ್ನು ಬಹುಮಟ್ಟಿಗೆ ಬಿಟ್ಟು, ವೈರಸ್ ಹೊಕ್ಕ ಕೋಶದಲ್ಲೇ ಚುರುಕಾಗುತ್ತದೆ. ನಾಲ್ಕು ದಶಕ ಕಳೆದರೂ ಇದು ಸುರಕ್ಷಿತ ಔಷಧ ಅನ್ನಿಸಿಕೊಂಡಿರುವುದು ಇದರಿಂದಲೇ. ಆರೋಗ್ಯವಂತರಲ್ಲಿ ವೈರಸ್ ಇದಕ್ಕೆ ಜಗ್ಗದೆ ನಿಲ್ಲುವುದೂ ಬಲು ಅಪರೂಪ.

ಇಷ್ಟು ಗೊತ್ತಾದರೆ ಉಳಿದದ್ದು ತಾನೇ ಅರ್ಥವಾಗುತ್ತದೆ. ವೈರಸ್ ನಕಲಾಗುತ್ತಿರುವಾಗ ಮಾತ್ರ ಈ ಔಷಧಕ್ಕೆ ಕೆಲಸ. ತುಟಿಯಲ್ಲಿ ವೈರಸ್ ಭರದಿಂದ ಹೆಚ್ಚುವುದು ಮೊದಲ ಒಂದೆರಡು ದಿನ. ಚುರುಚುರು, ತುರಿಕೆ, ತುಟಿ ಬಿಗಿದಂತಾಗುವುದು ಶುರುವಾಗಿ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದು ದಿನದಲ್ಲಿ ಗುಳ್ಳೆ ಏಳುತ್ತದೆ. ಮುಂದೆ ಅದು ಒಡೆದು ಹಸಿಹುಣ್ಣಾಗುತ್ತದೆ, ಹಕ್ಕಳೆ ಕಟ್ಟುತ್ತದೆ, ಒಟ್ಟು 7ರಿಂದ 10 ದಿನಗಳಲ್ಲಿ ಕಲೆಯಿಲ್ಲದೆ ಮಾಯುತ್ತದೆ. ಹಕ್ಕಳೆ ಕಟ್ಟಿದ ಮೇಲೆ ಔಷಧ ಹಚ್ಚಿದರೆ ತಡೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ನಾಲ್ಕನೇ ದಿನ ದುಬಾರಿ ಟ್ಯೂಬ್ ತರುವುದಕ್ಕಿಂತ ಮೊದಲ ಚುರುಚುರಿಗೇ ಅಗ್ಗದ ಮಾತ್ರೆ ನುಂಗುವುದು ಮೇಲು.

ಮುಲಾಮೋ, ಮಾತ್ರೆಯೋ

ಶೇಕಡ 5ರ ಅಸೈಕ್ಲೊವಿರ್ ಮುಲಾಮನ್ನು ಹಗಲಲ್ಲಿ ಸುಮಾರು ನಾಲ್ಕು ಗಂಟೆಗೊಮ್ಮೆ, ದಿನಕ್ಕೆ ಐದು ಸಲ, ನಾಲ್ಕೈದು ದಿನ ಹಚ್ಚುವುದು ರೂಢಿ. ಒಂದು ಸತ್ಯ ಹೇಳಿಬಿಡುವುದು ಒಳ್ಳೆಯದು. ಬೇಗ ಶುರು ಮಾಡಿದರೂ ಮುಲಾಮಿನಿಂದ ಗುಳ್ಳೆ ಮಾಯುವುದು ಸುಮಾರು ಅರ್ಧ ದಿನದಿಂದ ಒಂದು ದಿನ ಮುಂಚೆ, ಅಷ್ಟೇ. ಮುಲಾಮು ತುಟಿಯ ಚರ್ಮದ ಆಳಕ್ಕೆ ಚೆನ್ನಾಗಿ ಇಳಿಯುವುದಿಲ್ಲ. ಊಟ ಮಾಡಿದರೆ, ನೀರು ಕುಡಿದರೆ, ತುಟಿ ನೆಕ್ಕಿದರೆ ಅಳಿಸಿಯೂ ಹೋಗುತ್ತದೆ. ಪೆನ್ಸಿಕ್ಲೊವಿರ್ ಅನ್ನುವ ಇನ್ನೊಂದು ಮುಲಾಮನ್ನು ಎಚ್ಚರವಿರುವಷ್ಟು ಹೊತ್ತು ಎರಡು ಗಂಟೆಗೊಮ್ಮೆ ಹಚ್ಚಬೇಕು. ಅದರ ಲಾಭವೂ ಇಷ್ಟೇ.

ಮಾತ್ರೆ ರಕ್ತದ ಮೂಲಕ ಹೋಗುವುದರಿಂದ ಸ್ವಲ್ಪ ಹೆಚ್ಚು ಕೆಲಸ ಮಾಡುತ್ತದೆ. ಗುಳ್ಳೆ ಸುಮಾರು ಒಂದು ದಿನ, ಕೆಲವರಿಗೆ ಅದಕ್ಕಿಂತ ತುಸು ಹೆಚ್ಚೇ, ಮುಂಚೆ ಮಾಯುತ್ತದೆ. ಅಸೈಕ್ಲೊವಿರ್ ಮಾತ್ರೆಯ ತೊಂದರೆ ಏನೆಂದರೆ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಅದರ ಐದನೇ ಒಂದು ಭಾಗದಷ್ಟೇ. ಅದಕ್ಕೇ ದಿನಕ್ಕೆ ಐದು ಸಲ, ಐದು ದಿನ ನುಂಗಬೇಕು. ಈ ಕೊರತೆ ನೀಗಲು ವ್ಯಾಲಸೈಕ್ಲೊವಿರ್ ಬಂತು. ಅದು ಮೈಯೊಳಗೆ ಹೋದ ಮೇಲೆ ಅಸೈಕ್ಲೊವಿರ್ ಆಗಿಯೇ ಬದಲಾಗುತ್ತದೆ, ಆದರೆ ರಕ್ತಕ್ಕೆ ಅರ್ಧಕ್ಕಿಂತ ಹೆಚ್ಚು ಸೇರುತ್ತದೆ. ಹಾಗಾಗಿ ದೊಡ್ಡವರಿಗೆ ಒಂದೇ ದಿನದ ಚಿಕಿತ್ಸೆ ಸಾಕು: 2 ಗ್ರಾಂ ಒಮ್ಮೆ, 12 ಗಂಟೆ ಬಿಟ್ಟು ಇನ್ನೊಮ್ಮೆ 2 ಗ್ರಾಂ. ಫ್ಯಾಮ್‌ಸಿಕ್ಲೊವಿರ್ ಆದರೆ 1500 ಮಿಲಿಗ್ರಾಂ ಒಂದೇ ಸಲ.

ಈ ಲೆಕ್ಕ ಓದಿ ತಾವೇ ಮಾತ್ರೆ ನುಂಗಬೇಡಿ. ಇವು ವೈದ್ಯರ ಚೀಟಿಯ ಮೇಲೆ ತಗೊಳ್ಳುವ ಔಷಧ. ಈ ಮಾತ್ರೆಗಳು ಮೈಯಿಂದ ಹೊರಗೆ ಹೋಗುವುದು ಮೂತ್ರಪಿಂಡದ ಮೂಲಕ. ಕಿಡ್ನಿ ದುರ್ಬಲವಾದವರಿಗೆ, ವಯಸ್ಸಾದವರಿಗೆ ಪ್ರಮಾಣ ಇಳಿಸಬೇಕಾಗುತ್ತದೆ. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿಯುವವರು ಮಾತ್ರೆ ನುಂಗುವ ದಿನಗಳಲ್ಲಿ ನೀರು ಚೆನ್ನಾಗಿ ಕುಡಿಯಬೇಕು. ತಲೆನೋವು, ಹೊಟ್ಟೆ ತೊಳಸುವುದು ಕೆಲವರಿಗೆ ಆಗಬಹುದು. ಬಸುರಿಯರು, ಹಾಲೂಡಿಸುವ ತಾಯಂದಿರು ಮೊದಲೇ ವೈದ್ಯರಿಗೆ ಹೇಳಬೇಕು.

ವರ್ಷಕ್ಕೆ ಮೂರ್ನಾಲ್ಕು ಸಲ ಗುಳ್ಳೆ ಬರುವವರು ಒಂದು ಕೆಲಸ ಮಾಡಬಹುದು. ಗುಳ್ಳೆ ಇಲ್ಲದ ಹೊತ್ತಿನಲ್ಲೇ ವೈದ್ಯರನ್ನು ಕಂಡು, ಮುಂದಿನ ಸಲಕ್ಕೆ ಬೇಕಾದ ಮಾತ್ರೆ ಬರೆಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳುವುದು. ಹಳ್ಳಿಯಿಂದ ತಾಲ್ಲೂಕಿಗೆ ಬಸ್ ಹಿಡಿದು ಹೋಗಿ ಬರುವಷ್ಟರಲ್ಲಿ ಮೊದಲ ದಿನ ಮುಗಿದೇ ಹೋಗುತ್ತದೆ. ಅಸೈಕ್ಲೊವಿರ್ ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಸಿಕ್ಕರೂ ಒಳಗಿನ ಔಷಧ ಒಂದೇ. ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ, ಖರ್ಚು ಕಡಿಮೆಯಾಗುತ್ತದೆ.

ಹಾಗಾದರೆ ಎಲ್ಲರಿಗೂ ಔಷಧ ಬೇಕೇ? ಬೇಡ. ಆರೋಗ್ಯವಂತರಿಗೆ ವರ್ಷಕ್ಕೊಮ್ಮೆ ಸಣ್ಣ ಗುಳ್ಳೆ ಬಂದರೆ ಏನೂ ಮಾಡದಿದ್ದರೂ ಮಾಯುತ್ತದೆ. ನೋವಿಗೆ ಪ್ಯಾರಸಿಟಮಾಲ್, ಬಟ್ಟೆಯಲ್ಲಿ ಸುತ್ತಿದ ಐಸ್, ಹಕ್ಕಳೆ ಒಡೆಯದಂತೆ ತೆಳ್ಳಗೆ ವ್ಯಾಸಲೀನ್ ಸಾಕು.

ಯಾವ ಟ್ಯೂಬ್ ಹಚ್ಚಬಾರದು

ಈ ಭಾಗವನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ನಮ್ಮ ಊರುಗಳಲ್ಲಿ ಗಜಕರ್ಣಕ್ಕೆ, ತುರಿಕೆಗೆ, ಮುಖ ಬೆಳ್ಳಗಾಗಲಿಕ್ಕೆ ಅಂತ ಒಂದೇ ಟ್ಯೂಬ್ ಹಚ್ಚುವ ಅಭ್ಯಾಸವಿದೆ. ಅಂಥ ಬಹಳಷ್ಟು ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹೆಸರು ನೋಡಿದರೆ ಗೊತ್ತಾಗುತ್ತದೆ: ಕ್ಲೊಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್. ಸ್ಟೀರಾಯ್ಡ್ ಚರ್ಮದ ಕೆಂಪು, ಊತ ಇಳಿಸುತ್ತದೆ. ಅದರ ಜೊತೆಗೆ ಆ ಜಾಗದಲ್ಲಿ ಮೈಯ ಪ್ರತಿರೋಧವನ್ನೂ ತಗ್ಗಿಸುತ್ತದೆ. ವೈರಸ್ ಹೆಚ್ಚುತ್ತಿರುವ ಗುಳ್ಳೆಗೆ ಅದೊಂದನ್ನೇ ಹಚ್ಚಿದರೆ ಹುಣ್ಣು ಹರಡಬಹುದು, ಮಾಯುವುದು ತಡವಾಗಬಹುದು. ತೀವ್ರ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿಮಾಡಿತು. ಆದರೂ ಟ್ಯೂಬಿನ ಮೇಲಿನ ಸಣ್ಣಕ್ಷರ ಓದುವುದು ನಮ್ಮ ಕೈಯಲ್ಲೇ ಇದೆ.

ಆಂಟಿಬಯೋಟಿಕ್ ಮಾತ್ರೆ, ಮುಲಾಮು ಬ್ಯಾಕ್ಟೀರಿಯಾಕ್ಕೆ. ವೈರಸ್‌ಗೆ ಅವು ಏನೂ ಮಾಡುವುದಿಲ್ಲ. ಹುಣ್ಣಿನಲ್ಲಿ ಕೀವು ತುಂಬಿದೆ ಎಂದು ವೈದ್ಯರು ನೋಡಿ ಹೇಳಿದರೆ ಮಾತ್ರ ಬೇಕು.

ಸುಣ್ಣ, ಜೇನು, ಟೂತ್‌ಪೇಸ್ಟ್

ಎಲೆಗೆ ಹಚ್ಚುವ ಸುಣ್ಣವನ್ನು ಗುಳ್ಳೆಗೆ ಹಚ್ಚಬೇಡಿ. ಅದು ಚರ್ಮವನ್ನು ಸುಡುತ್ತದೆ. ವೈರಸ್ಸಿನ ಹುಣ್ಣಿನ ಮೇಲೆ ಸುಟ್ಟ ಗಾಯವೂ ಸೇರಿಕೊಳ್ಳುತ್ತದೆ. ಟೂತ್‌ಪೇಸ್ಟ್, ನಿಂಬೆರಸ ಕೂಡ ಉರಿ ಹೆಚ್ಚಿಸುತ್ತವೆಯೇ ಹೊರತು ವೈರಸ್ಸನ್ನು ತಡೆಯುವುದಿಲ್ಲ. ಸೂಜಿಯಿಂದ ಗುಳ್ಳೆ ಒಡೆಯುವುದಂತೂ ಬೇಡವೇ ಬೇಡ. ಒಳಗಿನ ನೀರಿನ ತುಂಬ ವೈರಸ್ ಇರುತ್ತದೆ.

ಜೇನಿನ ಕಥೆ ಕುತೂಹಲದ್ದು. ನ್ಯೂಜಿಲೆಂಡಿನಲ್ಲಿ 952 ಜನರ ಮೇಲೆ ಒಂದು ಪರೀಕ್ಷೆ ನಡೆಸಿ 2019ರಲ್ಲಿ ಪ್ರಕಟಿಸಿದರು. ಅರ್ಧ ಜನಕ್ಕೆ ಅಸೈಕ್ಲೊವಿರ್ ಮುಲಾಮು, ಅರ್ಧ ಜನಕ್ಕೆ ಅಲ್ಲಿನ ಕಾನುಕ ಮರದ ಹೂವಿನ ಜೇನಿನಿಂದ ಮಾಡಿದ ವೈದ್ಯಕೀಯ ಮುಲಾಮು. ಹುಣ್ಣು ಮಾಯಲು ಅಸೈಕ್ಲೊವಿರ್ ಹಚ್ಚಿದವರಿಗೆ ಎಂಟು ದಿನ, ಜೇನಿನ ಮುಲಾಮು ಹಚ್ಚಿದವರಿಗೆ ಒಂಬತ್ತು ದಿನ ಹಿಡಿಯಿತು. ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸ ಕಾಣಲಿಲ್ಲ. ಇದರಿಂದ ಜೇನು ದೊಡ್ಡ ಔಷಧ ಅಂತ ತಿಳಿಯುವುದಕ್ಕಿಂತ, ಮುಲಾಮಿನ ಶಕ್ತಿ ಎಷ್ಟು ಸಣ್ಣದು ಅಂತ ತಿಳಿಯುವುದು ಸರಿ ಅನ್ನಿಸುತ್ತದೆ. ಅಡುಗೆಮನೆಯ ಜೇನು ಆ ಶುದ್ಧೀಕರಿಸಿದ ಜೇನಲ್ಲ. ಒಂದು ವರ್ಷದೊಳಗಿನ ಕೂಸಿನ ಬಾಯಿಗಂತೂ ಜೇನು ಸೋಕಿಸಬಾರದು. ಲೈಸೀನ್ ಎಂಬ ಪೂರಕ ಮಾತ್ರೆಯ ಜಾಹೀರಾತುಗಳೂ ಕಾಣುತ್ತವೆ. ಅದು ಗುಳ್ಳೆ ತಡೆಯುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ.

ತುಟಿಯ ಹುಣ್ಣೆಲ್ಲ ಇದೇ ಅಲ್ಲ

ಬಾಯಿಯ ಒಳಗೆ, ಕೆನ್ನೆಯ ಒಳಭಾಗದಲ್ಲಿ ಅಥವಾ ನಾಲಿಗೆಯ ಅಂಚಿನಲ್ಲಿ ಏಳುವ ಬಿಳಿ ನಡುವಿನ ಬಾಯಿಹುಣ್ಣು ಬೇರೆ. ಅದು ಅಂಟುವುದಿಲ್ಲ, ಅದಕ್ಕೆ ಅಸೈಕ್ಲೊವಿರ್ ಬೇಕಿಲ್ಲ. ಕಟಬಾಯಿ ಎರಡೂ ಕಡೆ ಸೀಳಿದರೆ ಶಿಲೀಂಧ್ರದ ಸೋಂಕೋ, ಕಬ್ಬಿಣದಂಶ ಅಥವಾ ಬಿ ವಿಟಮಿನ್ ಕೊರತೆಯೋ ಇರಬಹುದು. ಮಕ್ಕಳ ಬಾಯಿ, ಮೂಗಿನ ಸುತ್ತ ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ ಅದು ಬ್ಯಾಕ್ಟೀರಿಯಾದ ಸೋಂಕು.

ಗುಟ್ಕಾ, ತಂಬಾಕು, ಎಲೆ ಅಡಿಕೆ ಹಾಕುವವರ ತುಟಿ ಅಥವಾ ಬಾಯಿಯ ಹುಣ್ಣು ಎರಡು ವಾರ ಕಳೆದರೂ ಮಾಯದಿದ್ದರೆ ಅದನ್ನು ಜ್ವರದ ಗುಳ್ಳೆ ಎಂದುಕೊಂಡು ಕೂರಬೇಡಿ. ಅದು ಕ್ಯಾನ್ಸರ್ ಆಗಿರಬಹುದು. ನೋವಿಲ್ಲ ಅನ್ನುವುದು ಸಮಾಧಾನಪಡಲು ಕಾರಣವಲ್ಲ.

ಅಂಟುವ ಬಗೆ, ಮತ್ತು ಕೂಸಿನ ಮಾತು

ಗುಳ್ಳೆಯ ನೀರು, ಎಂಜಲು, ಮುತ್ತು, ಇವುಗಳಿಂದ ವೈರಸ್ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಗುಳ್ಳೆ ಇಲ್ಲದಾಗಲೂ ಹೋಗಬಹುದು. ಗುಳ್ಳೆ ಎದ್ದಾಗ ಅಪಾಯ ಹೆಚ್ಚು. ಚೊಂಬನ್ನು ಎತ್ತಿ ಕುಡಿಯುವ ನಮ್ಮ ರೂಢಿ ಇಲ್ಲಿ ನೆರವಿಗೆ ಬರುತ್ತದೆ. ಹಕ್ಕಳೆ ಉದುರುವ ತನಕ ಲೋಟ, ಟವೆಲ್, ಲಿಪ್‌ಸ್ಟಿಕ್ ಹಂಚಿಕೊಳ್ಳಬೇಡಿ. ಮುಲಾಮು ಹಚ್ಚಿದ ಕೈ ತೊಳೆಯದೆ ಕಣ್ಣು ಉಜ್ಜಬೇಡಿ. ಬಾಯಿಯಿಂದ ಗುಪ್ತಾಂಗಕ್ಕೂ ಇದು ದಾಟಬಲ್ಲದು, ಗಂಡ ಹೆಂಡತಿ ಆ ಕೆಲವು ದಿನ ದೂರವಿರುವುದು ಒಳ್ಳೆಯದು.

ಎಲ್ಲಕ್ಕಿಂತ ದೊಡ್ಡ ಎಚ್ಚರ ಹಸಿಗೂಸಿನದ್ದು. ಹುಟ್ಟಿದ ಮೊದಲ ವಾರಗಳಲ್ಲಿ ಕೂಸಿಗೆ ಈ ವೈರಸ್ ತಗುಲಿದರೆ ಯಕೃತ್ತು, ಮಿದುಳಿಗೆ ಹರಡಿ ಜೀವಕ್ಕೇ ಕುತ್ತಾಗಬಹುದು. ತೊಟ್ಟಿಲ ಕಾರ್ಯಕ್ಕೆ ನೂರಾರು ಜನ ಬರುತ್ತಾರೆ, ಕೂಸನ್ನು ಎತ್ತಿ ಮುದ್ದಿಡುವುದು ಪ್ರೀತಿಯೇ. ತುಟಿಯಲ್ಲಿ ಗುಳ್ಳೆ ಇರುವವರು ಮಾತ್ರ ಮುತ್ತು ಕೊಡಬಾರದು. ಅಜ್ಜಿಯಾಗಲಿ, ಅತ್ತೆಯಾಗಲಿ, "ಈಗ ಬ್ಯಾಡ್ರಿ, ತುಟಿ ಮಾಯಲಿ" ಎಂದು ಬಾಣಂತಿ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ತಾಯಿಗೇ ಗುಳ್ಳೆ ಎದ್ದರೆ ಕೈ ತೊಳೆದು, ಬಾಯಿಗೆ ಬಟ್ಟೆ ಅಥವಾ ಮಾಸ್ಕ್ ಕಟ್ಟಿಕೊಂಡು ಹಾಲೂಡಿಸಬಹುದು. ಎದೆಯ ಮೇಲೆ ಗುಳ್ಳೆ ಇದ್ದರೆ ಆ ಕಡೆಯ ಹಾಲು ಕೊಡಬಾರದು.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಹೊತ್ತು

ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲು ಆಗದಿದ್ದರೆ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಈ ವೈರಸ್ ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ ಗಾಯ ಮಾಡಿ ನೋಟ ಮಂದಮಾಡಬಲ್ಲದು. ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಹನಿ ಹಾಕಿಕೊಂಡರೆ ಪೆಟ್ಟು ಇನ್ನೂ ಹೆಚ್ಚು.

ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಮೊದಲ ಸಲದ ಸೋಂಕು ಜೋರಾಗಿ ಬರಬಹುದು. ಜ್ವರ, ಊದಿದ ವಸಡು, ಬಾಯಿ ತುಂಬ ಹುಣ್ಣು, ಜೊಲ್ಲು. ಮಗು ನೀರನ್ನೂ ನುಂಗುವುದಿಲ್ಲ. ಉಚ್ಚೆ ಕಡಿಮೆಯಾದರೆ, ಮಂಕಾದರೆ ತಡಮಾಡಬೇಡಿ. ಮೊದಲ ಮೂರು ದಿನಗಳೊಳಗೆ ತೋರಿಸಿದರೆ ಅಸೈಕ್ಲೊವಿರ್ ದ್ರಾವಣ ಚೆನ್ನಾಗಿ ನೆರವಾಗುತ್ತದೆ. ಇಸುಬು ಇರುವ ಮಗುವಿಗೆ ಮೈಮೇಲೆ ಒಮ್ಮೆಲೇ ಗುಳ್ಳೆ ಹರಡಿದರೂ ಇದೇ ಮಾತು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಆದವರು, ಎಚ್‌ಐವಿ ಇರುವವರು ಸಣ್ಣ ಗುಳ್ಳೆಯನ್ನೂ ತೋರಿಸಬೇಕು. ಜ್ವರದ ಜೊತೆ ಗೊಂದಲದ ಮಾತು, ಫಿಟ್ಸ್ ಬಂದರೆ ಅದು ತುರ್ತು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಊರುಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇದೆ. ಅನುಮಾನವಿದ್ದರೆ ಗುಳ್ಳೆ ಹಸಿಯಾಗಿರುವಾಗಲೇ ಹೋಗಿ. ಬಹುಪಾಲು ಸಲ ವೈದ್ಯರು ನೋಡಿಯೇ ಗುರುತಿಸುತ್ತಾರೆ. ಪರೀಕ್ಷೆ ಬೇಕಾದರೂ ಹಸಿ ಗುಳ್ಳೆಯ ನೀರಿನಿಂದಲೇ ಸರಿಯಾದ ಉತ್ತರ ಸಿಗುತ್ತದೆ.

ಪದೇ ಪದೇ ಬರುವವರಿಗೆ

ವರ್ಷಕ್ಕೆ ಆರು ಸಲ ಅಥವಾ ಅದಕ್ಕೂ ಹೆಚ್ಚು ಗುಳ್ಳೆ ಬರುವವರಿಗೆ ವೈದ್ಯರು ಕೆಲವು ತಿಂಗಳು ದಿನಾ ಮಾತ್ರೆ ಕೊಡುವುದುಂಟು: ಅಸೈಕ್ಲೊವಿರ್ 400 ಮಿಲಿಗ್ರಾಂ ದಿನಕ್ಕೆರಡು ಸಲ, ಇಲ್ಲವೇ ವ್ಯಾಲಸೈಕ್ಲೊವಿರ್ 500 ಮಿಲಿಗ್ರಾಂ ಒಂದು ಸಲ. ಗುಳ್ಳೆ ಏಳುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವ ಭರವಸೆ ಇಲ್ಲ. ಮಾತ್ರೆ ಬಿಟ್ಟ ಮೇಲೆ ಮತ್ತೆ ಬರಬಹುದು. ಬೇರು ಅಲ್ಲೇ ಇರುತ್ತದಲ್ಲ.

ಬಿಸಿಲಿಗೆ ಮಾತ್ರ ಗುಳ್ಳೆ ಏಳುವವರು ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಇರುವ ತುಟಿಮುಲಾಮು ಹಚ್ಚಿ ನೋಡಬಹುದು. ಪ್ರಯೋಗಾಲಯದ ಕೃತಕ ಬೆಳಕಿನಲ್ಲಿ ಅದು ಚೆನ್ನಾಗಿ ತಡೆದಿದೆ, ನಿಜವಾದ ಬಿಸಿಲಿನಲ್ಲಿ ಫಲ ಒಂದೇ ರೀತಿ ಬಂದಿಲ್ಲ. ಹೊಲಕ್ಕೆ, ಕಬ್ಬಿನ ಗದ್ದೆಗೆ ಹೋಗುವವರು ಸೆರಗನ್ನೋ ಟವೆಲನ್ನೋ ಮೂಗು ಬಾಯಿ ಮುಚ್ಚುವಂತೆ ಸುತ್ತಿಕೊಂಡರೆ ಖರ್ಚಿಲ್ಲದೆ ತುಟಿಗೆ ನೆರಳು ಸಿಗುತ್ತದೆ. ಯಾವ ದಿನ ಗುಳ್ಳೆ ಎದ್ದಿತು, ಅದರ ಹಿಂದಿನ ದಿನ ಏನಾಗಿತ್ತು ಅಂತ ಕ್ಯಾಲೆಂಡರ್ ಮೇಲೆ ಗುರುತು ಹಾಕಿಡಿ. ನಾಲ್ಕೈದು ಸಲದ ಗುರುತು ಸೇರಿದರೆ ನಿಮ್ಮ ಗುಳ್ಳೆಗೆ ಕಾರಣ ಬಿಸಿಲೋ, ನಿದ್ದೆಗೇಡೋ, ಮುಟ್ಟಿನ ದಿನಗಳೋ ಎಂದು ಕಂಡುಬರುತ್ತದೆ. ದಿನದ ಮಾತ್ರೆ ಬೇಕೋ ಬೇಡವೋ ಎಂದು ತೀರ್ಮಾನಿಸಲು ವೈದ್ಯರಿಗೂ ಆ ಕ್ಯಾಲೆಂಡರೇ ಬೇಕಾಗುತ್ತದೆ.